ಇಲಾಮ್‌ನ ಎಲೆ, ತುಂಗಭದ್ರೆಯ ನೀರು

ಗದಗ-ಬೆಟಗೇರಿಯಲ್ಲಿ ಚಾ ಎಂದರೆ ಕಾಸಿದ ಚಾ. ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದ್ದು, ಉಕ್ಕಿ, ಇಳಿದು, ಮತ್ತೆ ಉಕ್ಕಿ, ಅರಿವೆಯಲ್ಲಿ ಸೋಸಿಕೊಂಡು ಗ್ಲಾಸಿಗೆ ಬರುತ್ತದೆ. ಗಿರ್ಮಿಟ್ ಮಿರ್ಚಿ ತಿಂದ ಬಾಯಿಗೆ ಅದು ಬೇಕೇ ಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಚಾದಂಗಡಿಗಳಲ್ಲೂ ಇದೇ ಪದ್ಧತಿ. ಇಂಥ ಊರುಗಳಲ್ಲಿ ನೇಪಾಳದ ಬೆಟ್ಟಗಳಿಂದ ಬಂದ, ಪುಡಿಯಾಗದೆ ಎಲೆಯಾಗಿಯೇ ಉಳಿದ ಕಪ್ಪು ಚಹಾದ ಮಾತು ತೆಗೆದರೆ ಅದು ನಮ್ಮ ನಾಲಗೆಗೆ ಹತ್ತುವಂಥದ್ದಲ್ಲ ಎಂಬ ಉತ್ತರ ಬರುತ್ತದೆ. ಹಾಲು ಹಾಕಬಾರದ, ಸಕ್ಕರೆ ಬೇಡದ, ಕುದಿಸಲೂ ಬಾರದ ಚಹಾವನ್ನು ಸವಿಯಲು ಬೇರೆ ಬಗೆಯ ನಾಲಗೆ ಬೇಕು, ಅದು ದೊಡ್ಡ ಶಹರದವರ ಶೋಕಿ ಎಂಬ ನಂಬಿಕೆ ಆ ಉತ್ತರದ ಹಿಂದಿದೆ. ಈ ನಂಬಿಕೆಗೆ ಆಧಾರವಿಲ್ಲ. ಎಲೆ ಚಹಾವನ್ನು ಅಳೆಯುವ ನಾಲಗೆ ಈ ಸೀಮೆಯವರಲ್ಲಿದೆ, ಅದಕ್ಕೆ ಬೇಕಾದ ಮಾತೂ ಇದೆ, ಹೀರುವ ಪದ್ಧತಿಯೂ ಇದೆ. ಕೊರತೆ ಇರುವುದು ನೀರಿನಲ್ಲಿ. ಆ ಕೊರತೆಯನ್ನು ನೀಗಿಸಿಕೊಂಡರೆ ಇಲಾಮ್‌ನ ಎಲೆ ಗದಗಿನ ಅಡಿಗೆಮನೆಯಲ್ಲೂ ತನ್ನ ಪೂರ್ತಿ ರುಚಿ ಕೊಡುತ್ತದೆ.

ಮೊದಲು ಎಲೆಯ ವಿಚಾರ. ನೇಪಾಳದ ಪೂರ್ವದ ತುದಿಯಲ್ಲಿರುವ ಇಲಾಮ್ ಜಿಲ್ಲೆ ನಮ್ಮ ಡಾರ್ಜಿಲಿಂಗ್‌ಗೆ ಅಂಟಿಕೊಂಡೇ ಇದೆ. ನಡುವೆ ಇರುವುದು ಗಡಿರೇಖೆ ಮಾತ್ರ, ಎರಡೂ ಕಡೆಯ ಇಳಿಜಾರು, ಮಂಜು, ಚಳಿ ಒಂದೇ. ಅಲ್ಲಿನ ಮೊದಲ ಚಹಾ ತೋಟ ಗಜರಾಜ ಸಿಂಗ್ ಥಾಪಾ ಅವರ ಮುತುವರ್ಜಿಯಿಂದ 1863ರಲ್ಲಿ ಎದ್ದಿತು. ಆದರೆ ಇಲಾಮ್‌ನಲ್ಲಿ ಚಹಾ ಕಾರ್ಖಾನೆ ಶುರುವಾದದ್ದು 1978ರಲ್ಲಿ. ಅಲ್ಲಿಯವರೆಗೆ ತೋಟದ ಹಸಿ ಎಲೆ ಗಡಿ ದಾಟಿ ಡಾರ್ಜಿಲಿಂಗ್‌ನ ಕಾರ್ಖಾನೆಗಳಿಗೆ ಹೋಗುತ್ತಿತ್ತು, ತನ್ನ ಹೆಸರನ್ನು ಅಲ್ಲಿಯೇ ಕಳೆದುಕೊಳ್ಳುತ್ತಿತ್ತು. 1982ರಲ್ಲಿ ನೇಪಾಳದ ಅರಸರು ಝಾಪಾ, ಇಲಾಮ್, ಪಾಂಚ್‌ಥರ್, ತೆಹ್ರಥುಮ್, ಧನಕುಟಾ ಎಂಬ ಐದು ಜಿಲ್ಲೆಗಳನ್ನು ಚಹಾ ವಲಯವೆಂದು ಸಾರಿದರು. ಬಯಲಿನ ಝಾಪಾದಲ್ಲಿ ತಯಾರಾಗುವುದು ಬಹುಪಾಲು ನಾವು ದಿನವೂ ಕುಡಿಯುವಂಥ ಕಾಳು ಚಹಾ. ಉಳಿದ ಬೆಟ್ಟದ ಜಿಲ್ಲೆಗಳದ್ದು ಎಲೆ ಚಹಾ. ಇಡೀ ನೇಪಾಳದ ವಾರ್ಷಿಕ ಚಹಾ ಸುಮಾರು ಎರಡೂವರೆ ಕೋಟಿ ಕಿಲೋ, ಭಾರತದ್ದು ಸುಮಾರು 130 ಕೋಟಿ ಕಿಲೋ. ನೇಪಾಳದ ಬೆಟ್ಟಗಳಲ್ಲಿ ಈ ಬೆಳೆಯ ದೊಡ್ಡ ಪಾಲು ಸಣ್ಣ ಹಿಡುವಳಿದಾರರದು. ಎರಡು-ಮೂರು ಎಕರೆಯಲ್ಲಿ ಬಾಳು ಕಟ್ಟುವುದೆಂದರೇನು ಎಂದು ನಮ್ಮ ಒಣಬೇಸಾಯದ ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಎಲೆ ಚಹಾಕ್ಕೂ ಕಾಳು ಚಹಾಕ್ಕೂ ಇರುವ ಭೇದ ಗಿಡದ್ದಲ್ಲ, ಬಹುಮಟ್ಟಿಗೆ ಕೈಗೆಲಸದ್ದು. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಹಾಗೇ ಇಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ತುಂಡಾದ ಜೀವಕೋಶಗಳಿಂದ ಹೊರಬಂದ ರಸ ಗಾಳಿಯೊಂದಿಗೆ ಸೇರಿ ಬಣ್ಣ ಬದಲಿಸುವ ಈ ಕ್ರಿಯೆಯೇ ಹಸಿರು ಎಲೆಯನ್ನು ಕಪ್ಪು ಚಹಾ ಮಾಡುತ್ತದೆ. ಬೆಟ್ಟದ ಕಾರ್ಖಾನೆಯಲ್ಲಿ ಕೊಯ್ದ ಕುಡಿಯನ್ನು ಮೊದಲು ಬಾಡಿಸುತ್ತಾರೆ, ನಂತರ ಮುರಿಯದಂತೆ ಹೊಸೆಯುತ್ತಾರೆ, ಹೊಸೆದದ್ದನ್ನು ತಂಪಿನಲ್ಲಿ ಹರಡಿ ಗಾಳಿಗೆ ಬಿಡುತ್ತಾರೆ, ಹದ ಬಂದ ಕ್ಷಣಕ್ಕೆ ಬಿಸಿಗಾಳಿ ಕೊಟ್ಟು ಒಣಗಿಸುತ್ತಾರೆ. ಇದಕ್ಕೆ ವ್ಯಾಪಾರದಲ್ಲಿ ಆರ್ಥೊಡಾಕ್ಸ್ ಎಂಬ ಹೆಸರು. ಇನ್ನೊಂದು ದಾರಿಯನ್ನು 1930ರಲ್ಲಿ ಅಸ್ಸಾಂನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಕಂಡುಹಿಡಿದರು. ಹಲ್ಲುಗಳಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಕಾಳು ಕಟ್ಟುವ ಆ ಪದ್ಧತಿಯೇ ಸಿಟಿಸಿ. ಜಜ್ಜಿದ್ದರಿಂದ ಎಲೆಯ ರಸವೆಲ್ಲ ಒಮ್ಮೆಗೇ ಗಾಳಿಗೆ ಸಿಗುತ್ತದೆ, ಬಣ್ಣ ಗಾಢವಾಗುತ್ತದೆ, ಕುದಿನೀರಿಗೆ ಬಿದ್ದ ನಿಮಿಷದಲ್ಲೇ ಚಾ ಖಡಕ್ ಆಗುತ್ತದೆ. ಹಾಲಿನ ದಪ್ಪವನ್ನು ಸೀಳಿಕೊಂಡು ಬರುವ ಶಕ್ತಿ ಅದಕ್ಕಿದೆ. ಆದರೆ ಈ ಅವಸರದಲ್ಲಿ ನವಿರಾದ ಪರಿಮಳ ಉಳಿಯುವುದು ಕಡಿಮೆ. ಎಲೆ ಚಹಾದಲ್ಲಿ ಅದು ಉಳಿಯುತ್ತದೆ, ನೀರಿಗೆ ಇಳಿಯಲು ಮಾತ್ರ ಸಮಯ ಬೇಡುತ್ತದೆ.

ಬೆಟ್ಟದ ಎಲೆಗೆ ಋತುವಿನ ಗುರುತೂ ಇದೆ. ಚಳಿಗಾಲದ ನಿದ್ದೆ ಮುಗಿಸಿದ ಗಿಡ ಮಾರ್ಚ್-ಏಪ್ರಿಲ್‌ನಲ್ಲಿ ಕೊಡುವ ಮೊದಲ ಕುಡಿಯ ಚಹಾ ತಿಳಿಯಾಗಿ, ಹೂವಿನ ಕಂಪಿನಿಂದ ಕೂಡಿರುತ್ತದೆ. ಇದನ್ನು ಹೆಚ್ಚು ಬಾಡಿಸುವುದರಿಂದ ಗಾಳಿಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಪ್ಪು ಚಹಾ ಎಂದು ಕೊಂಡ ಪೊಟ್ಟಣದಲ್ಲಿ ಹಸಿರು ಚೂರು ಕಂಡರೆ ಕಲಬೆರಕೆ ಎಂದು ಗಾಬರಿಯಾಗಬೇಕಿಲ್ಲ. ಮೇ-ಜೂನ್‌ನ ಎರಡನೆಯ ಕೊಯ್ಲಿನದು ತಾಮ್ರದ ಬಣ್ಣ, ಮಾಗಿದ ದ್ರಾಕ್ಷಿಯನ್ನು ನೆನಪಿಸುವ ಘಮ. ಈ ಘಮದ ಹಿಂದೆ ಹತ್ತಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಒಂದು ಜೀವಿ ಇದೆ. ಹತ್ತಿಯ ಎಲೆಯ ರಸ ಹೀರಿ ಮುದುಡಿಸುವ ಜಿಗಿಹುಳುವಿನ ಬಳಗದ್ದೇ ಒಂದು ಹುಳು ಚಹಾದ ಕುಡಿಯನ್ನೂ ಕಚ್ಚುತ್ತದೆ. ಕಚ್ಚಿಸಿಕೊಂಡ ಗಿಡ ತನ್ನನ್ನು ಕಾಯ್ದುಕೊಳ್ಳಲು ಸುವಾಸನೆಯ ದ್ರವ್ಯಗಳನ್ನು ತಯಾರಿಸುತ್ತದೆ, ಅವೇ ಬಟ್ಟಲಿನಲ್ಲಿ ದ್ರಾಕ್ಷಿಯ ಘಮವಾಗುತ್ತವೆ. ಮುಂಡರಗಿಯ ಹೊಲದಲ್ಲಿ ನಷ್ಟ ತರುವ ಬಳಗ ಇಲಾಮ್‌ನ ಇಳಿಜಾರಿನಲ್ಲಿ ಬೆಲೆ ತರುತ್ತದೆ.

ಈಗ ನಾಲಗೆಯ ಪ್ರಶ್ನೆ. ಹಾಲಿಲ್ಲದ ಎಲೆ ಚಹಾವನ್ನು ಮೊದಲ ಸಲ ಬಾಯಿಗಿಟ್ಟವರು ಕಹಿ ಎನ್ನುತ್ತಾರೆ. ಸರಿಯಾಗಿ ತಯಾರಿಸಿದ್ದರೆ ಅದು ಕಹಿಯಾಗಿರುವುದಿಲ್ಲ, ಒಗರಾಗಿರುತ್ತದೆ. ಈ ಎರಡರ ಭೇದವನ್ನು ಕನ್ನಡ ಎಂದೋ ಗುರುತಿಸಿದೆ. ಬೇವು ಕಹಿ, ಹಾಗಲ ಕಹಿ. ನೇರಳೆ ಒಗರು, ಬಾಳೆಕಾಯಿ ಒಗರು, ಎಳೆಯ ಅಡಿಕೆ ಒಗರು. ಕಹಿ ನಾಲಗೆಯ ಮೇಲಿನ ರುಚಿ. ಒಗರು ಬಹುಮಟ್ಟಿಗೆ ಸ್ಪರ್ಶ. ಸಸ್ಯದ ಟ್ಯಾನಿನ್‌ಗಳು ಎಂಜಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಂಡಾಗ ಬಾಯಿಯ ನುಣುಪು ಹೋಗಿ ಒಳಗೆಲ್ಲ ಬಿಗಿದ ಹಾಗಾಗುತ್ತದೆ, ಅದೇ ಒಗರು. ಒಳ್ಳೆಯ ಬೆಟ್ಟದ ಚಹಾದಲ್ಲಿ ಈ ಬಿಗಿತ ಬಂದು, ನಿಂತು, ಸಡಿಲಗೊಂಡು, ಅದರ ಹಿಂದೆಯೇ ಒಂದು ಸಿಹಿ ಉಳಿಯುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವ ಸಿಹಿ ಗೊತ್ತಿರುವವರಿಗೆ ಇದು ಹೊಸದಲ್ಲ. ಹಾಲು ಹಾಕಿದರೆ ಟ್ಯಾನಿನ್ ಹಾಲಿನ ಪ್ರೋಟೀನನ್ನೇ ಹಿಡಿದುಕೊಂಡು ನಾಲಗೆಯನ್ನು ಬಿಟ್ಟುಬಿಡುತ್ತದೆ, ಒಗರು ಮಾಯವಾಗುತ್ತದೆ. ಖಡಕ್ ಕಾಳು ಚಹಾಕ್ಕೆ ಅದು ಉಪಕಾರ. ಒಗರೇ ಜೀವಾಳವಾದ ಎಲೆ ಚಹಾಕ್ಕೆ ಹಾಗೆ ಮಾಡಿದರೆ ಕೊಂಡದ್ದನ್ನೇ ಚೆಲ್ಲಿದಂತೆ.

ನೋಡಿ, ಮೂಸಿ, ಮುಟ್ಟಿ ಗುಣ ಹೇಳುವ ಕಲೆಯಂತೂ ಈ ಜಿಲ್ಲೆಯ ಪೇಟೆಗಳಲ್ಲಿ ದಿನನಿತ್ಯದ್ದು. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿ ಗದಗ ಸೀಮೆಯ ಹೊಲಗಳಲ್ಲೂ ಬೆಳೆಯುತ್ತದೆ. ಡಬ್ಬಿ ಯಾವುದು, ಕಡ್ಡಿ ಯಾವುದು, ಸುಕ್ಕು ಸಹಜವೋ ಅಲ್ಲವೋ, ಕೆಂಪು ಈ ವರ್ಷದ್ದೋ ಹಳೆಯ ದಾಸ್ತಾನಿನದೋ ಎಂದು ಮುಷ್ಟಿ ಕಾಯಿ ಹಿಡಿದು ಹೇಳುವವರು ಖಾರ, ಬಣ್ಣ, ಘಮ ಮೂರನ್ನೂ ಬೇರೆಬೇರೆಯಾಗಿ ತೂಗುತ್ತಾರೆ. ಖಾರವಿಲ್ಲದಿದ್ದರೂ ಬಣ್ಣಕ್ಕಾಗಿ ಬೆಲೆ ಕೊಡುತ್ತಾರೆ. ಚಹಾದ ಹರಾಜಿನಲ್ಲಿ ರುಚಿಗಾರ ಮಾಡುವ ಕೆಲಸವೂ ಇಷ್ಟೇ. ಒಣ ಎಲೆಯ ಹೊಸೆತ ನೋಡುತ್ತಾನೆ, ನೆನೆದ ಎಲೆಯ ವಾಸನೆ ಹಿಡಿಯುತ್ತಾನೆ, ನೀರಿನ ಹೊಳಪು ನೋಡುತ್ತಾನೆ, ಕೊನೆಗೆ ಬಾಯಿಗಿಡುತ್ತಾನೆ. ಜೋಳದ ಹಿಟ್ಟು ಹಳತಾದದ್ದನ್ನು ರೊಟ್ಟಿ ಬಡಿಯುವ ಮೊದಲೇ ಮೂಗಿನಿಂದ ಹೇಳುವ ಮನೆಯಲ್ಲಿ ಚಹಾದ ಎಲೆ ಹಳಸಿದೆಯೇ ಎಂದು ಹೇಳಲು ಗುರು ಬೇಕಾಗುವುದಿಲ್ಲ.

ಇನ್ನು ಹೀರುವ ಪದ್ಧತಿ. ಚಾವನ್ನು ಬಸಿಗೆ ಸುರುವಿಕೊಂಡು ಸುರ್ ಎಂದು ಹೀರುವ ಹಿರಿಯರನ್ನು ಕಂಡು ಇಂಗ್ಲಿಷ್ ಶಾಲೆ ಕಲಿತ ಮಕ್ಕಳು ನಾಚಿಕೊಳ್ಳುವುದುಂಟು. ನಾಚಬೇಕಾದ್ದೇನೂ ಇಲ್ಲ. ಕೋಲ್ಕತ್ತ, ಸಿಲಿಗುರಿಯ ಹರಾಜು ಕೇಂದ್ರಗಳಿಗಾಗಿ ಚಹಾ ಪರೀಕ್ಷಿಸುವ ರುಚಿಗಾರರು ಚಮಚೆಯಿಂದ ಇನ್ನೂ ಜೋರಾಗಿ ಸದ್ದು ಮಾಡಿಯೇ ಹೀರುತ್ತಾರೆ. ದ್ರವದೊಂದಿಗೆ ಗಾಳಿ ಸೇರಿ ಬಾಯೊಳಗೆ ಹನಿಹನಿಯಾಗಿ ಚದುರಿದಾಗ ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದು ಕರೆಯುವುದರ ದೊಡ್ಡ ಪಾಲು ಆ ದಾರಿಯಲ್ಲೇ ಬರುವಂಥದ್ದು, ನೆಗಡಿಯಾದಾಗ ಊಟ ಸಪ್ಪೆಯಾಗುವುದು ಆ ದಾರಿ ಕಟ್ಟುವುದರಿಂದ. ಬಸಿಯ ಅಗಲ ಬಾಯಿ ಚಹಾವನ್ನು ಬೇಗ ಆರಿಸುತ್ತದೆ. ನಾಲಗೆ ಸುಡುವಷ್ಟು ಬಿಸಿ ಇದ್ದಾಗ ರುಚಿಯ ಸೂಕ್ಷ್ಮ ಸಿಗುವುದಿಲ್ಲ, ಬೆಚ್ಚಗಿನ ಹದಕ್ಕೆ ಇಳಿದಾಗ ಸಿಗುತ್ತದೆ. ಇಲಾಮ್‌ನ ಚಹಾ ಕುಡಿಯಲು ಹೊಸ ಸಲಕರಣೆ ಹುಡುಕುವ ಬದಲು ಕಪಾಟಿನಲ್ಲಿರುವ ಬಿಳಿ ಪಿಂಗಾಣಿಯ ಕಪ್ಪು-ಬಸಿ ತೆಗೆದರೆ ಸಾಕು. ಬಿಳಿಯ ಮೇಲೆ ಬಣ್ಣವೂ ನಿಚ್ಚಳವಾಗಿ ಕಾಣುತ್ತದೆ.

ಹಾಗಾದರೆ ಇಲ್ಲಿ ಎಲೆ ಚಹಾ ಮಾಡಿ ನೋಡಿದವರಿಗೆ ನಿರಾಶೆಯಾಗುವುದೇಕೆ? ಒಂದು ಕಪ್ ಚಹಾದಲ್ಲಿ ನೂರಕ್ಕೆ 99 ಪಾಲಿಗಿಂತ ಹೆಚ್ಚು ನೀರೇ. ಗದಗ ಜಿಲ್ಲೆಯ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಕರಗಿರುತ್ತವೆ. ಈ ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ, ಬ್ಯಾಳಿ ಬೇಯುವುದಿಲ್ಲ, ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪರೆ ಕಟ್ಟುತ್ತದೆ. ಬ್ಯಾಳಿಯೊಳಗಿನ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಬಿಗಿಯುವುದರಿಂದ ಅದು ಬೇಯದು. ಚಹಾದಲ್ಲಿಯೂ ಅದೇ ಕ್ಯಾಲ್ಸಿಯಂ ಕೈಯಾಡಿಸುತ್ತದೆ. ಗಡಸು ನೀರಿನಲ್ಲಿ ಮಾಡಿದ ಕರಿ ಚಾ ಮಸುಕಾಗುತ್ತದೆ, ಮೇಲೆ ಎಣ್ಣೆಯಂಥ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ಕಪ್ಪಿನ ಒಳಗೆ ಕಂದು ಗೆರೆ ಬೀಳುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಸಾಯನಶಾಸ್ತ್ರಜ್ಞ ಮೈಕೆಲ್ ಸ್ಪಿರೊ ಮತ್ತು ಅವರ ಸಹೋದ್ಯೋಗಿ ಈ ಪೊರೆಯನ್ನೇ ಅಧ್ಯಯನ ಮಾಡಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಕಾರಣ ಹೇಳಿದರು. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಇದ್ದಾಗ ಚಹಾದ ಪಾಲಿಫಿನಾಲ್‌ಗಳು ಮೇಲ್ಮೈಯಲ್ಲಿ ಗಾಳಿಯೊಂದಿಗೆ ಬೆರೆತು ಪೊರೆಯಾಗುತ್ತವೆ. ಮೆದು ನೀರಿನಲ್ಲಿ ಪೊರೆ ಕಟ್ಟುವುದಿಲ್ಲ, ನಿಂಬೆಹುಳಿ ಬಿದ್ದರೂ ಕಟ್ಟುವುದಿಲ್ಲ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದ ಚಾ ಈ ನೀರಿನ ದೋಷವನ್ನು ಮುಚ್ಚಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಆ ಚಾ ಇಷ್ಟು ಗಟ್ಟಿಯಾಗಿ ನೆಲೆಯೂರಲು ಇದೂ ಒಂದು ಕಾರಣ ಇರಬೇಕೆಂದು ನನ್ನ ಎಣಿಕೆ. ಎಲೆ ಚಹಾಕ್ಕೆ ಮುಚ್ಚಿಕೊಳ್ಳಲು ಏನೂ ಇಲ್ಲ. ನೀರು ಕೆಟ್ಟರೆ ಅದೂ ಕೆಟ್ಟಂತೆಯೇ, ದೂರು ಮಾತ್ರ ಎಲೆಯ ಮೇಲೆ ಬೀಳುತ್ತದೆ.

ನೀರಿನ ಮಾತು ಬಂದಮೇಲೆ ಮುಂಡರಗಿಯ ಕಡೆಯ ಒಂದು ಗಂಭೀರ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಆ ತಾಲ್ಲೂಕಿನ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಕೀಲುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಗಡಸುತನದ ಒಂದು ಪಾಲು ಪರೆಯಾಗಿ ಇಳಿಯುತ್ತದೆ ನಿಜ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಚಹಾದ ಗಿಡವೂ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಎಲೆ ಬಲಿತಷ್ಟೂ ಹೆಚ್ಚು. ಬಲಿತ ಎಲೆಯ ಇಟ್ಟಿಗೆ ಚಹಾವನ್ನು ದಿನವಿಡೀ ಕುದಿಸಿ ಕುಡಿಯುವ ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಚಹಾದಿಂದಲೇ ಫ್ಲೋರೋಸಿಸ್ ಬಂದದ್ದು ದಾಖಲಾಗಿದೆ. ಎರಡು ಎಲೆ ಒಂದು ಮೊಗ್ಗು ಎಂಬ ಲೆಕ್ಕದಲ್ಲಿ ಕಿತ್ತ ಎಳೆಯ ಕುಡಿಯಲ್ಲಿ ಇದು ಕಡಿಮೆ. ಫ್ಲೋರೈಡ್ ಇರುವ ಊರಿನವರು ಯಾವ ಚಹಾ ಕುಡಿದರೂ ಶುದ್ಧ ನೀರಿನ ಘಟಕದ ನೀರಿನಲ್ಲೇ ಮಾಡಬೇಕು, ಬೋರಿನ ನೀರಿನಲ್ಲಿ ಹೊತ್ತುಗಟ್ಟಲೆ ಕುದಿಸಬಾರದು. ರುಚಿಯ ನಿಯಮವೂ ಆರೋಗ್ಯದ ನಿಯಮವೂ ಇಲ್ಲಿ ಒಂದೇ ಆಗಿವೆ.

ಒಳ್ಳೆಯ ನೀರು ಎಲ್ಲಿಂದ ತರುವುದು? ಗದಗ-ಬೆಟಗೇರಿಗೆ ಕುಡಿಯುವ ನೀರು ತುಂಗಭದ್ರೆಯಿಂದ ಬರುತ್ತದೆ. ಮಲೆನಾಡಿನ ಮಳೆಯಿಂದ ತುಂಬುವ ಈ ಹೊಳೆಯ ನೀರು ಬೋರಿನ ನೀರಿಗಿಂತ ಬಹಳ ಮೆದು. ನಲ್ಲಿ ಬರುವ ದಿನಕ್ಕಾಗಿ ಕಾಯುವ ಕಷ್ಟ ಎಲ್ಲರಿಗೂ ಗೊತ್ತಿರುವುದೇ, ಆದರೂ ಬಂದ ದಿನ ಹಿಡಿದು ತಿಳಿಯಾದ ನೀರು ಚಹಾಕ್ಕೆ ಚೆನ್ನಾಗಿ ಒದಗುತ್ತದೆ. ಹಳ್ಳಿಗಳ ಶುದ್ಧ ನೀರಿನ ಘಟಕದ ನೀರಿನಲ್ಲಿ ಖನಿಜ ತೀರಾ ಕಡಿಮೆ, ಚಹಾ ತುಸು ಸಪ್ಪೆ ಅನ್ನಿಸಬಹುದು, ಆದರೂ ಬೋರಿನ ನೀರಿಗಿಂತ ನೂರು ಪಾಲು ವಾಸಿ. ಎಲ್ಲಕ್ಕಿಂತ ಮೆದು ಮಳೆನೀರು. ಯಾವ ನೀರು ಯೋಗ್ಯ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ತೊಗರಿಬ್ಯಾಳಿ ಬೇಗ ಬೆಂದು ಕರಗುವ ನೀರು ಚಹಾಕ್ಕೂ ನೀರು.

ಮಾಡುವ ಕ್ರಮ ಸರಳ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 3103ನೆಯ ಮಾನಕ ರುಚಿಗಾರರಿಗಾಗಿ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ ಎಂದು ಗೊತ್ತುಮಾಡಿದೆ. ಅದು ದೋಷ ಹುಡುಕುವ ಅಳತೆ. ಕುಡಿಯಲು ಒಂದು ಕಪ್ಪಿಗೆ ಎರಡೂವರೆ ಗ್ರಾಂ, ಮೂರರಿಂದ ನಾಲ್ಕು ನಿಮಿಷ ಸಾಕು. ಗದಗ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎರಡನೆಯ ಕೊಯ್ಲಿನ ಎಲೆಗೆ ಕುದಿಬಂದ ನೀರನ್ನೇ ಸುರಿಯಬಹುದು, ಮೊದಲ ಕುಡಿಗೆ ಒಲೆಯಿಂದ ಇಳಿಸಿ ಒಂದೆರಡು ನಿಮಿಷ ತಡೆದು ಸುರಿಯುವುದು ಒಳ್ಳೆಯದು. ಪಾತ್ರೆಗೆ ಮುಚ್ಚಳ ಬೇಕೇ ಬೇಕು, ಘಮ ಆವಿಯ ಜೊತೆ ಹೋಗಿಬಿಡುತ್ತದೆ. ಎಲೆಗೆ ಅರಳಲು ಜಾಗ ಬೇಕು, ಸಣ್ಣ ಜಾಳಿಗೆಯೊಳಗೆ ತುರುಕಬಾರದು. ಒಲೆಯ ಮೇಲೆ ಇಡುವುದಂತೂ ಕೂಡದು. ಕಷಾಯಕ್ಕೆ ಬೇರು, ತೊಗಟೆ ಕುದಿಸುವ ರೂಢಿ ಕಪ್ಪತಗುಡ್ಡದ ಆಸುಪಾಸಿನ ಮನೆಗಳಲ್ಲಿ ಹಳೆಯದು, ಗಟ್ಟಿ ಪದಾರ್ಥದ ಸಾರ ಇಳಿಯಲು ಕುದಿಸಲೇಬೇಕು. ಚಹಾದ್ದು ಎಳೆಯ ಎಲೆ. ತುಳಸಿಯನ್ನು ತೀರ್ಥಕ್ಕೆ ಹಾಕುವ ಹಾಗೆ ನೆನೆಸಿದರೆ ಸಾಕು. ಡಬ್ಬಿಯನ್ನು ಖಾರದಪುಡಿ, ಬಳ್ಳೊಳ್ಳಿಯಿಂದ ದೂರ ಇಡಿ. ಒಣ ಎಲೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನನ್ನ ಮಾತನ್ನು ನಂಬುವುದು ಬೇಡ, ಒಂದೇ ಎಲೆಯನ್ನು ಬೋರಿನ ನೀರು, ಹೊಳೆಯ ನೀರು, ಘಟಕದ ನೀರು ಮೂರರಲ್ಲೂ ಅಷ್ಟೇ ಹೊತ್ತು ನೆನೆಸಿ ಪಕ್ಕಪಕ್ಕ ಇಟ್ಟು ನೋಡಿ. ಬಣ್ಣವೇ ಬೇರೆಬೇರೆಯಾಗಿ ಕಾಣುತ್ತದೆ.

ಆಕ್ಷೇಪಗಳಲ್ಲಿ ತೂಕದ್ದು ಆತಿಥ್ಯದ್ದು. ಬಂದವರಿಗೆ ಹಾಲಿಲ್ಲದ ಚಾ ಕೊಡುವುದು ಅವಮಾನ, ಕರಿ ಚಾ ಎಂದರೆ ಮನೆಯಲ್ಲಿ ಹಾಲಿಲ್ಲ ಎಂಬುದರ ಗುರುತು, ಇಲ್ಲವೇ ಹೊಟ್ಟೆ ಕೆಟ್ಟವರ ಔಷಧ. ಈ ಭಾವನೆ ನಿಜವಾದದ್ದು, ಅದನ್ನು ತಳ್ಳಿಹಾಕಲಾರೆ. ಆದರೆ ಹಾಲಿನ ಚಾ ತಲೆತಲಾಂತರದ್ದು ಎಂಬ ವಾದ ನಿಲ್ಲುವುದಿಲ್ಲ. ಗದಗ ಮುಂಬೈ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಮೈಸೂರು ಸೀಮೆ ಕಾಫಿಗೆ ಒಲಿದರೆ ಈ ಸೀಮೆ ಮರಾಠಿಯ ಜೊತೆ ಚಹಾ ಎಂಬ ಮಾತನ್ನೂ ಪಡೆಯಿತು. ಚಹಾ ಮಂಡಳಿಗಳು 20ನೆಯ ಶತಮಾನದ ಮೊದಲರ್ಧದಲ್ಲಿ ರೈಲು ನಿಲ್ದಾಣ, ಪೇಟೆ, ಜಾತ್ರೆಗಳಲ್ಲಿ ಪ್ರಚಾರ ಮಾಡಿ ದೇಶಕ್ಕೆ ಚಹಾದ ರುಚಿ ಹಚ್ಚಿದವು. ಆ ಪ್ರಚಾರಕರು ಕಲಿಸಿದ್ದು ಬಿಸಿನೀರಿನಲ್ಲಿ ಎಲೆ ನೆನೆಸುವ ಕ್ರಮವನ್ನೇ. ದುಬಾರಿ ಎಲೆಯನ್ನು ಉಳಿಸಲು ಅಗ್ಗದ ಪುಡಿ, ಹೆಚ್ಚು ಹಾಲು, ಮಸಾಲೆ ಹಾಕಿ ಕುದಿಸುವುದನ್ನು ನಮ್ಮ ಚಾದಂಗಡಿಯವರು ಕಂಡುಕೊಂಡರು, ಪ್ರಚಾರಕರಿಗೆ ಅದು ಹಿಡಿಸಲಿಲ್ಲ. ಜನರ ಜಾಣತನದಿಂದ ಹುಟ್ಟಿದ ಆ ಚಾಕ್ಕೆ ನನ್ನ ಪೂರ್ಣ ಗೌರವವಿದೆ. ಹೊಲದಿಂದ ಬಂದವನಿಗೆ, ಮಗ್ಗದ ಮುಂದೆ ಕೂತ ಬೆಟಗೇರಿಯ ನೇಕಾರನಿಗೆ ಹಾಲು-ಸಕ್ಕರೆ ತುಸು ಆಹಾರವೂ ಹೌದು. ಎಲೆ ಚಹಾ ಅದರ ಜಾಗ ಕೇಳುತ್ತಿಲ್ಲ. ದಿನದ ಇನ್ನೊಂದು ಹೊತ್ತು, ಇನ್ನೊಂದು ಬಟ್ಟಲು ಕೇಳುತ್ತಿದೆ.

ದುಬಾರಿ ಎಂಬ ಆಕ್ಷೇಪಕ್ಕೆ ಲೆಕ್ಕವೇ ಉತ್ತರ. 50 ಗ್ರಾಮಿನ ಪೊಟ್ಟಣಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡೂವರೆ ಗ್ರಾಮಿನಂತೆ 20 ಕಪ್. ಒಳ್ಳೆಯ ಎಲೆ ಎರಡನೆಯ ಸಲವೂ ರುಚಿ ಕೊಡುತ್ತದೆ, ಅಲ್ಲಿಗೆ 40. ಕಪ್ಪಿಗೆ ಏಳೂವರೆ ರೂಪಾಯಿ, ಹಾಲು-ಸಕ್ಕರೆಯ ಖರ್ಚಿಲ್ಲ. ಕಿಲೋಗಟ್ಟಲೆ ಕೊಂಡರೆ ಹೊರೆಯಾದೀತು, 50 ಗ್ರಾಂ ತರಿಸಿ ಎರಡು ತಿಂಗಳು ಇಟ್ಟುಕೊಂಡರೆ ಹೊರೆಯಾಗದು. ಕೊಳ್ಳುವಾಗ ಹೆಸರಿನ ಬಗ್ಗೆ ಎಚ್ಚರ ಬೇಕು. 2017ರಲ್ಲಿ ಡಾರ್ಜಿಲಿಂಗ್ 104 ದಿನ ಬಂದ್ ಆದಾಗ ಆ ಮಾರುಕಟ್ಟೆಯ ಒಂದು ಪಾಲನ್ನು ನೇಪಾಳದ ಎಲೆ ತುಂಬಿತು. ನೇಪಾಳದ ಚಹಾವನ್ನು ಡಾರ್ಜಿಲಿಂಗ್ ಹೆಸರಿನಲ್ಲಿ ಮಾರುತ್ತಾರೆಂದು ಅಲ್ಲಿನ ತೋಟದವರು ದೂರುತ್ತಲೇ ಇದ್ದಾರೆ. ಆ ದೂರು ನ್ಯಾಯವಾದದ್ದು. ಇಂಥ ಮಾರಾಟದಿಂದ ಮೋಸ ಹೋಗುವವರಲ್ಲಿ ಇಲಾಮ್‌ನ ಸಣ್ಣ ರೈತನೂ ಒಬ್ಬ, ಅವನ ಬೆಳೆಗೆ ಅವನ ಹೆಸರೇ ಸಿಗುವುದಿಲ್ಲ. ಇಲಾಮ್, ಪಾಂಚ್‌ಥರ್, ಧನಕುಟಾ ಎಂದು ಊರು, ಕೊಯ್ಲು, ವರ್ಷ ಮೂರನ್ನೂ ಬರೆದ ಪೊಟ್ಟಣ ಕೊಳ್ಳಿ. ಎಸ್‌ಎಫ್‌ಟಿಜಿಎಫ್‌ಒಪಿ ಎಂಬಂಥ ಉದ್ದನೆಯ ಅಕ್ಷರಮಾಲೆ ಎಲೆಯ ಗಾತ್ರ, ಮೊಗ್ಗಿನ ಪ್ರಮಾಣ ಹೇಳುತ್ತದೆ, ರುಚಿಯನ್ನಲ್ಲ.

ಆರೋಗ್ಯದ ಆಕ್ಷೇಪದಲ್ಲಿ ಹುರುಳಿದೆ. ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಕುರಿತು ಬರೆಯತೊಡಗಿದ ಪುಸ್ತಕದಲ್ಲಿ ಚಹಾವನ್ನು ವಿರೋಧಿಸಿದ್ದು ಟ್ಯಾನಿನ್ ಕಾರಣಕ್ಕೆ. ಚಹಾದ ಪಾಲಿಫಿನಾಲ್‌ಗಳು ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟದ ಜೊತೆ ಯಾವ ಚಹಾವನ್ನೂ ಕುಡಿಯದೆ ಒಂದು ತಾಸಿನ ಅಂತರ ಇಡಬೇಕು. ಹತ್ತು ನಿಮಿಷ ಕುದಿಸಿದ ಪುಡಿಗಿಂತ ಮೂರು ನಿಮಿಷ ನೆನೆಸಿದ ಎಲೆಯಿಂದ ಇಳಿಯುವ ಟ್ಯಾನಿನ್ ಕಡಿಮೆ, ಸಕ್ಕರೆಯಂತೂ ಇಲ್ಲವೇ ಇಲ್ಲ. ಅಷ್ಟರಮಟ್ಟಿಗೆ ಇದು ಹಗುರ. ಔಷಧವೇನೂ ಅಲ್ಲ, ಹಾಗೆಂದು ಮಾರುವವರನ್ನು ನಂಬಬೇಡಿ.

ಚಿಕ್ಕಮಗಳೂರಿನ ಕೆಳಗೂರಿನಲ್ಲಿ, ಕೊಡಗಿನಲ್ಲಿ ಚಹಾ ತೋಟಗಳಿರುವಾಗ ನೇಪಾಳವೇಕೆ ಎಂದು ಕೇಳಬಹುದು. ನಮ್ಮ ಘಟ್ಟದ ಚಹಾವನ್ನೂ ಕುಡಿಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಇನ್ನೂ ಒಳ್ಳೆಯದು. ಹಿಮಾಲಯದ ಗಿಡ ಚಳಿಗಾಲದಲ್ಲಿ ಚಿಗುರು ನಿಲ್ಲಿಸಿ ಮಲಗುತ್ತದೆ, ಎಚ್ಚೆತ್ತಾಗ ಕೊಡುವ ಕುಡಿಯ ಘಮ ವರ್ಷವಿಡೀ ಚಿಗುರುವ ದಕ್ಷಿಣದ ಗಿಡಕ್ಕೆ ಸಿಗುವುದು ಕಷ್ಟ. ನೇಪಾಳ ನಮಗೆ ಅಷ್ಟು ದೂರದ್ದೂ ಅಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತಾರಾದೇವಿಯ ಬೌದ್ಧ ವಿಹಾರವಿದ್ದುದನ್ನು 1095ರ ಶಾಸನ ಹೇಳುತ್ತದೆ, ಆ ತಾರೆ ನೇಪಾಳದಲ್ಲಿ ಇಂದಿಗೂ ಪೂಜೆಗೊಳ್ಳುತ್ತಾಳೆ. ಅದರ ಎರಡು ವರ್ಷಗಳ ನಂತರ, 1097ರಲ್ಲಿ, ಕರ್ನಾಟ ವಂಶದ ನಾನ್ಯದೇವ ಇಂದಿನ ನೇಪಾಳದ ತರಾಯಿಯಲ್ಲಿರುವ ಸಿಮರೌನ್‌ಗಢದಲ್ಲಿ ರಾಜ್ಯ ಕಟ್ಟಿದ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುತ್ತ ಬಂದಿರುವ ಭಟ್ಟರು ಕರ್ನಾಟಕದವರು.

ಇಲಾಮ್‌ನ ಎರಡನೆಯ ಕೊಯ್ಲು ಜೂನ್‌ನಲ್ಲಿ ಮುಗಿಯುತ್ತದೆ, ಅದರ ಎಲೆ ಮಾರಾಟಕ್ಕೆ ಬರುವ ಹೊತ್ತಿಗೆ ನಮ್ಮಲ್ಲಿ ಮಳೆಗಾಲ. ಗದಗ ಸೀಮೆಗೆ ಒಳ್ಳೆಯ ಮಳೆ ಸೆಪ್ಟೆಂಬರಿನಲ್ಲಿ. ಮೊದಲ ಮಳೆಗಳು ಮಾಳಿಗೆ ತೊಳೆದು ಹೋದಮೇಲೆ ಬಯಲಲ್ಲಿ ತೊಳೆದ ಸ್ಟೀಲಿನ ಬೋಗುಣಿ ಇಟ್ಟು ಒಂದು ತಂಬಿಗೆ ಮಳೆನೀರು ಹಿಡಿಯಿರಿ. ಅರಿವೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ, ಎರಡೂವರೆ ಗ್ರಾಂ ಎಲೆಯ ಮೇಲೆ ಸುರಿದು, ಮುಚ್ಚಿ, ನಾಲ್ಕು ನಿಮಿಷ ಕಾಯಿರಿ. ಬಸಿಗೆ ಸುರುವಿಕೊಂಡು, ಸದ್ದು ಮಾಡಿಯೇ ಹೀರಿರಿ.